ತಾಮ್ರದ ಮೇಲೆ ಯಾವ ಗೆರೆ: ಬರೋಕ್ ಕಾಲದ ಎಚಿಂಗ್ ಕ್ರಮಗಳ ಹೋಲಿಕೆ

17ನೇ ಶತಮಾನದ, ಅಂದರೆ ಬರೋಕ್ ಕಾಲದ, ಯುರೋಪಿನ ಎಚಿಂಗ್ ಕಲೆಯನ್ನು (ತಾಮ್ರದ ತಗಡಿನಲ್ಲಿ ಗೆರೆಗಳನ್ನು ಆಮ್ಲದಿಂದ ತಿನ್ನಿಸಿ, ಅದರಿಂದ ಚಿತ್ರ ಮುದ್ರಿಸುವ ಕಲೆಯನ್ನು) ಕೈಯಾರೆ ಕಲಿಯಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ, ಆ ಹೆಸರಿನಡಿಯಲ್ಲಿ ಒಂದೇ ಕ್ರಮವಿಲ್ಲ ಎಂಬುದು. ಲೊರೇನ್ ಪ್ರಾಂತದ ಜಾಕ್ ಕಲೋ ಗಟ್ಟಿ ವಾರ್ನಿಷ್ ಬಳಿದ ತಗಡಿನ ಮೇಲೆ ಅಂಗುಲಕ್ಕಿಂತ ಚಿಕ್ಕ ಆಕೃತಿಗಳಿಂದ ಇಡೀ ಜಾತ್ರೆಯನ್ನು ನೆರೆಸಿದರು. ಆಮ್‌ಸ್ಟರ್‌ಡಾಮ್‌ನ ರೆಂಬ್ರಾಂಟ್ ಮೆದು ಮೇಣದ ಲೇಪದಲ್ಲಿ ಸೂಜಿಯನ್ನು ಲೇಖನಿಯಂತೆ ಓಡಿಸಿದರು, ಸಾಲದೆಂದು ಲೋಹವನ್ನೇ ಗೀರಿದರು, ಪ್ರತಿಯಿಂದ ಪ್ರತಿಗೆ ಚಿತ್ರವನ್ನೇ ಬದಲಿಸಿದರು. ಪ್ರಾಗ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆನಿಂತ ವೆನ್ಸೆಸ್ಲಾಸ್ ಹೋಲಾರ್ ಊರು, ಉಡುಪು, ಕಟ್ಟಡಗಳ ದಾಖಲೆಗೆಂದು ಗಂಟೆಯ ಲೆಕ್ಕದಲ್ಲಿ ದುಡಿದರು. ನೇಪಲ್ಸ್‌ನ ರಿಬೆರಾ ಅವರಿಗೆ ಎಚಿಂಗ್ ಎಂಬುದು ತೈಲಚಿತ್ರಗಳ ನಡುವೆ ಕೆಲವು ವರ್ಷ ಮಾತ್ರ ಕೈಹಿಡಿದ ಪಕ್ಕದ ಕೆಲಸವಾಗಿತ್ತು. ಇವರಲ್ಲಿ ಯಾರ ದಾರಿ ಹಿಡಿಯಬೇಕೆಂದು ಕೇಳುವವರು ಸಾಮಾನ್ಯವಾಗಿ ಗೆರೆಯ ಅಂದವನ್ನು ನೋಡಿ ತೀರ್ಮಾನಿಸುತ್ತಾರೆ. ನನ್ನ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಆ ಕಾಲದ ಕಾರ್ಯಾಗಾರದಲ್ಲಿ ಮೊದಲು ಇತ್ಯರ್ಥವಾಗುತ್ತಿದ್ದದ್ದು ಎಷ್ಟು ಹಾಳೆಗಳು ಬೇಕು, ಎಷ್ಟು ಬೇಗ ಬೇಕು, ಅವು ಯಾರ ಕೈ ಸೇರಬೇಕು ಎಂಬ ಸಂಗತಿ. ಲೇಪ, ಸೂಜಿ, ಆಮ್ಲ, ಕಾಗದಗಳೆಲ್ಲ ಅದನ್ನು ಅನುಸರಿಸಿ ಬರುತ್ತಿದ್ದವು. ಈ ಬರಹದಲ್ಲಿಯೂ ಹೋಲಿಕೆಯ ಅಳತೆಗೋಲು ಅದೇ.

ಎಲ್ಲ ಕ್ರಮಗಳ ತಳಹದಿ

ಮರದ ಅಚ್ಚಿನಲ್ಲಿ ಉಬ್ಬಿದ ಭಾಗ ಮಸಿಯನ್ನು ಹಿಡಿಯುತ್ತದೆ. ತಾಮ್ರದ ಅಚ್ಚಿನಲ್ಲಿ ಹಾಗಲ್ಲ, ತಗ್ಗಿನಲ್ಲಿ ನಿಂತ ಮಸಿ ಚಿತ್ರವಾಗುತ್ತದೆ. ನಮ್ಮಲ್ಲಿ ಓಲೆಗರಿಯ ಮೇಲೆ ಕಂಠದಿಂದ ಕೊರೆದು, ಮಸಿ ಬಳಿದು ಒರೆಸಿದಾಗ ಗೀರಿನೊಳಗೆ ಮಾತ್ರ ಕಪ್ಪು ಉಳಿಯುವಂತೆ, ಇಲ್ಲಿಯೂ ತಗಡಿಗೆ ಮಸಿ ಹಚ್ಚಿ ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ ತೆಗೆಯುತ್ತಾರೆ. ಬಳಿಕ ನೀರಿನಲ್ಲಿ ತೋಯಿಸಿದ ಕಾಗದವನ್ನು ಅದರ ಮೇಲಿಟ್ಟು, ಎರಡು ಉರುಳೆಗಳ ನಡುವೆ ಒತ್ತಿ ಹಾಯಿಸುತ್ತಾರೆ. ಒದ್ದೆ ಕಾಗದ ಗೀರಿನ ಒಳಗಿಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಅಕ್ಷರದ ಮೊಳೆಗಳನ್ನೂ ತಾಮ್ರದ ತಗಡನ್ನೂ ಒಂದೇ ಒತ್ತಿನಲ್ಲಿ ಮುದ್ರಿಸಲು ಆಗುತ್ತಿರಲಿಲ್ಲ. ಆದ್ದರಿಂದ ಆ ಶತಮಾನದ ಸಚಿತ್ರ ಪುಸ್ತಕದ ಎಷ್ಟೋ ಪುಟಗಳು ಎರಡು ಬೇರೆ ಯಂತ್ರಗಳನ್ನು ಹಾದು ಬಂದವು, ಅದರ ವೆಚ್ಚ ಪುಸ್ತಕದ ಬೆಲೆಗೆ ಸೇರಿತು.

ತಗಡಿನಲ್ಲಿ ತಗ್ಗನ್ನು ಮಾಡುವ ಬಗೆಯಲ್ಲಿಯೇ ದಾರಿಗಳು ಕವಲೊಡೆಯುತ್ತವೆ. ಎನ್‌ಗ್ರೇವಿಂಗ್‌ನಲ್ಲಿ ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಮುಂದಕ್ಕೆ ದೂಡಿ ಲೋಹವನ್ನು ಕೆತ್ತಿ ತೆಗೆಯುತ್ತಾರೆ. ಅಕ್ಕಸಾಲಿಗರ ಮನೆಯಿಂದ ಬಂದ ಈ ವಿದ್ಯೆ ವರ್ಷಗಟ್ಟಲೆ ಶಿಷ್ಯವೃತ್ತಿಯನ್ನು ಬೇಡುತ್ತದೆ. ಎಚಿಂಗ್‌ನಲ್ಲಿ ಆಮ್ಲಕ್ಕೆ ಜಗ್ಗದ ಲೇಪವನ್ನು ತಗಡಿಗೆ ಬಳಿದು, ಸೂಜಿಯಿಂದ ಲೇಪವನ್ನು ಮಾತ್ರ ಸರಿಸಿ, ತೆರೆದ ಗೆರೆಗಳನ್ನು ಆಮ್ಲ ತಿನ್ನಲು ಬಿಡುತ್ತಾರೆ. ಇದು ರಕ್ಷಾಕವಚಗಳ ಮೇಲೆ ಅಲಂಕಾರ ಮೂಡಿಸುತ್ತಿದ್ದವರ ವಿದ್ಯೆ. 1500ರ ಆಸುಪಾಸಿನಲ್ಲಿ ಆಗ್ಸ್‌ಬರ್ಗ್‌ನ ಡಾನಿಯೆಲ್ ಹೋಫರ್ ಅದನ್ನು ಕಾಗದದ ಮೇಲಿನ ಚಿತ್ರಕ್ಕೆ ತಿರುಗಿಸಿದರು. ಜರ್ಮನಿಯ ಹೆಸರಾಂತ ಕಲಾವಿದ ಡ್ಯೂರರ್ 1515ರಿಂದ 1518ರ ನಡುವೆ ಕಬ್ಬಿಣದ ತಗಡಿನ ಮೇಲೆ ಕೆಲವು ಪ್ರಯತ್ನ ಮಾಡಿ ಕೈಬಿಟ್ಟರು. ಕಬ್ಬಿಣ ಹೋಗಿ ತಾಮ್ರ ಬಂದ ಮೇಲೆ ಎಚಿಂಗ್ ನಯಗೊಂಡಿತು.

ಚಿತ್ರ ಬರೆಯಬಲ್ಲ ಯಾರಾದರೂ ಕೆಲವೇ ದಿನಗಳಲ್ಲಿ ಎಚಿಂಗ್ ಸೂಜಿಗೆ ಕೈ ಹೊಂದಿಸಿಕೊಳ್ಳಬಹುದಾಗಿತ್ತು. ಬರೋಕ್ ಕಾಲದ ವರ್ಣಚಿತ್ರಕಾರರು ಇಷ್ಟೊಂದು ಸಂಖ್ಯೆಯಲ್ಲಿ ಇದಕ್ಕೆ ಒಲಿದದ್ದು ಆ ಸಲೀಸಿನಿಂದ. ಆದರೆ ಆಮ್ಲದಲ್ಲಿ ತಿಂದ ಗೆರೆ ಬ್ಯೂರಿನ್ ಗೆರೆಯಂತೆ ಮೊದಲಲ್ಲಿ ತೆಳುವಾಗಿ, ನಡುವೆ ಉಬ್ಬಿ, ಕೊನೆಯಲ್ಲಿ ಮೊನೆಯಾಗುವುದಿಲ್ಲ; ಲೇಪ ಬಿರುಕು ಬಿಟ್ಟರೆ ಬೇಡದ ಕಡೆ ಆಮ್ಲ ಹೊಕ್ಕು ತಗಡು ಮಚ್ಚೆಮಚ್ಚೆಯಾಗುತ್ತದೆ; ಬ್ಯೂರಿನ್ ತಗಡಿಗೆ ಹೋಲಿಸಿದರೆ ಬೇಗ ಸವೆಯುತ್ತದೆ. 17ನೇ ಶತಮಾನದ ಎಚಿಂಗ್‌ನ ದೊಡ್ಡ ಹೆಸರುಗಳನ್ನೆಲ್ಲ, ಈ ಕೊರತೆಗಳಿಗೆ ಅವರವರು ಕೊಟ್ಟ ಉತ್ತರದ ಮೇಲೆ ಬೇರ್ಪಡಿಸಬಹುದು.

ಬ್ಯೂರಿನ್ ಬೇಕಾಗುವ ಸಂದರ್ಭ

ಎಚಿಂಗ್ ಆರಿಸುವ ಮೊದಲು ಅದನ್ನು ಆರಿಸಬಾರದ ಸಂದರ್ಭವನ್ನು ಹೇಳಬೇಕು. ಬೇರೊಬ್ಬರ ಕೃತಿಯನ್ನು ನಿಖರವಾಗಿ, ಸಾವಿರಗಟ್ಟಲೆ ಪ್ರತಿಗಳಲ್ಲಿ ಹರಡುವ ಉದ್ದೇಶವಿದ್ದವರಿಗೆ ಆ ಕಾಲದಲ್ಲಿ ಬ್ಯೂರಿನ್‌ಗೆ ಸಮನಾದದ್ದು ಇರಲಿಲ್ಲ. ಆಂಟ್‌ವರ್ಪ್‌ನ ರೂಬೆನ್ಸ್ ತಮ್ಮ ವರ್ಣಚಿತ್ರಗಳನ್ನು ಯುರೋಪಿಗೆಲ್ಲ ಪರಿಚಯಿಸಲು ಲ್ಯೂಕಸ್ ವೋರ್‌ಸ್ಟರ್‌ಮಾನ್‌ರಂತಹ ಎನ್‌ಗ್ರೇವರ್‌ಗಳನ್ನು ನೇಮಿಸಿದರು. ನಕಲು ತಡೆಯಲು 1619–20ರ ವೇಳೆಗೆ ಫ್ರಾನ್ಸ್, ದಕ್ಷಿಣ ನೆದರ್‌ಲೆಂಡ್ಸ್ ಮತ್ತು ಡಚ್ ಗಣರಾಜ್ಯ ಮೂರರಿಂದಲೂ ಮುದ್ರಣದ ಸನ್ನದು ಪಡೆದರು. ತೊಗಲಿನ ನುಣುಪು, ರೇಷ್ಮೆಯ ಹೊಳಪು, ಉಕ್ಕಿನ ಮಿರುಗು ಇವನ್ನೆಲ್ಲ ಉಬ್ಬಿ ತಗ್ಗುವ ಸಮಾಂತರ ಗೆರೆಗಳ ಜಾಲದಿಂದ ಕಟ್ಟುವ ಈ ಶಿಸ್ತು ಎಚಿಂಗ್‌ಗೆ ಸುಲಭವಾಗಿ ದಕ್ಕುವಂಥದ್ದಲ್ಲ.

ಎರಡೂ ದಾರಿಗಳು ಮುಖಾಮುಖಿಯಾದ ಒಂದು ತಗಡು ಇದೆ. ಆಂಟನಿ ವಾನ್ ಡೈಕ್ 1630ರ ದಶಕದಲ್ಲಿ ತಮ್ಮ ಕಾಲದ ಅರಸರು, ಸೇನಾನಿಗಳು, ವಿದ್ವಾಂಸರು, ಕಲಾವಿದರ ಮುಖಚಿತ್ರಗಳ ದೊಡ್ಡ ಮಾಲಿಕೆಯೊಂದನ್ನು ರೂಪಿಸಿದರು. ಬಹುತೇಕ ತಗಡುಗಳನ್ನು ವೃತ್ತಿಪರ ಎನ್‌ಗ್ರೇವರ್‌ಗಳು ಕೆತ್ತಿದರೆ, ಕೆಲವೇ ತಲೆಗಳನ್ನು ವಾನ್ ಡೈಕ್ ಸ್ವತಃ ಎಚಿಂಗ್ ಮಾಡಿದರು. ಅವರ ಸ್ವಂತ ಮುಖದ ತಗಡಿನಲ್ಲಿ ಹಿಂತಿರುಗಿ ನೋಡುವ ತಲೆಯೊಂದೇ ಇದೆ. ಕೆಳಗಿನ ದೊಡ್ಡ ಭಾಗ ಖಾಲಿ. ಅವರು ತೀರಿಕೊಂಡ ಮೇಲೆ, 1645ರ ಆವೃತ್ತಿಗೆ ಶೀರ್ಷಿಕೆ ಪುಟ ಬೇಕಾದಾಗ, ಯಾಕೋಬ್ ನೇಫ್ಸ್ ಎಂಬ ಎನ್‌ಗ್ರೇವರ್ ಆ ಖಾಲಿ ಜಾಗದಲ್ಲಿ ಪೀಠವೊಂದನ್ನು ಕೆತ್ತಿ ತಲೆಯನ್ನು ಪ್ರತಿಮೆಯಾಗಿಸಿದರು. ಖಾಲಿ ಜಾಗವನ್ನು ಖಾಲಿಯಾಗಿಯೇ ಮೆಚ್ಚುವ ಕೊಳ್ಳುಗರು ಕೆಲವರು, ತುಂಬಿದ ಹಾಳೆಗೆ ಹಣ ಕೊಡುವವರು ಬಹಳ. ಪ್ರಕಾಶಕರು ಎರಡನೆಯವರನ್ನು ನಂಬಿ ಬದುಕುತ್ತಿದ್ದರು. ಎರಡು ರೂಪಗಳನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ತಮ್ಮ ಒಲವು ಯಾವ ಕಡೆಗೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ನಮ್ಮ ದೇಶದ ಕಡೆಯಿಂದ ನೋಡಿದರೂ ಸಂಖ್ಯೆಯ ಈ ತರ್ಕ ಕಾಣುತ್ತದೆ. ಜೆಸ್ವಿಟ್ ಪಾದ್ರಿಗಳ ಮೂಲಕ 1580ರಿಂದ ಮೊಗಲ್ ಆಸ್ಥಾನ ತಲುಪಿದ ಯುರೋಪಿನ ಹಾಳೆಗಳಲ್ಲಿ ಆಂಟ್‌ವರ್ಪ್‌ನ ಬ್ಯೂರಿನ್ ಕೆಲಸಕ್ಕೆ ಮುಖ್ಯ ಸ್ಥಾನವಿತ್ತು. 1600ರಲ್ಲಿ ಬಾಲಕ ಅಬುಲ್ ಹಸನ್ ಡ್ಯೂರರ್ ಅವರ ಸಂತ ಜಾನ್‌ನನ್ನು ನೋಡಿ ಬಿಡಿಸಿದ್ದು ಸಹ ಎನ್‌ಗ್ರೇವಿಂಗ್ ಒಂದರಿಂದಲೇ. ದೂರ ಸಾಗುವುದು ಹೆಚ್ಚು ಅಚ್ಚಾದ ಹಾಳೆ. (ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನಕ್ಕೆ ಮಾತ್ರ ಹಾಳೆಯ ಬದಲು ಕಲಾವಿದನೇ ಬಂದಿದ್ದ: ಹಾರ್ಲೆಮ್‌ನ ವರ್ಣಚಿತ್ರಕಾರ ಕೊರ್ನೇಲಿಸ್ ಕ್ಲಾಸ್ ಹೇಡಾ 1610ರ ಸುಮಾರಿನಿಂದ ಅಲ್ಲಿ ಅರಮನೆಯ ಕೆಲಸದಲ್ಲಿದ್ದ.)

ಕಲೋ: ಗಟ್ಟಿ ವಾರ್ನಿಷ್, ಓರೆ ಮೊನೆಯ ಸೂಜಿ

ಎಚಿಂಗ್‌ನ ವೇಗವೂ ಬೇಕು, ಬ್ಯೂರಿನ್‌ನ ಸ್ವಚ್ಛತೆಯೂ ಬೇಕು ಎನ್ನುವವರ ದಾರಿ ಕಲೋ ಅವರದು. 1592ರಲ್ಲಿ ಹುಟ್ಟಿ 1635ರಲ್ಲಿ ತೀರಿಕೊಂಡ ಇವರು, ಫ್ಲಾರೆನ್ಸ್‌ನಲ್ಲಿ ಎರಡನೆಯ ಕೋಸಿಮೊ ದೆ ಮೆದಿಚಿಯ ಆಶ್ರಯದಲ್ಲಿದ್ದಾಗ, ವೀಣೆಯ ಬಗೆಯ ತಂತಿವಾದ್ಯಗಳನ್ನು ಮಾಡುವವರು ಬಳಸುತ್ತಿದ್ದ ಗಟ್ಟಿ ವಾರ್ನಿಷನ್ನು ತಗಡಿನ ಲೇಪವಾಗಿ ತಂದರು. ಬಳಿದು ಕಾಯಿಸಿದ ಮೇಲೆ ಅದು ಕೈ ತಗುಲಿದರೂ ಉದುರದು, ಆಮ್ಲದಲ್ಲಿ ಎಷ್ಟು ಹೊತ್ತು ಬಿಟ್ಟರೂ ಅಂಚು ಬಿಡದು. ಜೊತೆಗೆ ಎಷೋಪ್ ಎಂಬ ಉಪಕರಣ: ಮೊನೆಯನ್ನು ಓರೆಯಾಗಿ ಕತ್ತರಿಸಿ ಅಂಡಾಕಾರದ ಮುಖ ಬರುವಂತೆ ಮಾಡಿದ ಸೂಜಿ. ಬೆರಳಿನಲ್ಲಿ ಅದನ್ನು ಹೊರಳಿಸಿದಂತೆ ಗೆರೆ ತೆಳುವಾಗಿ ಹೊರಟು ದಪ್ಪಗಾಗುತ್ತದೆ, ಮತ್ತೆ ತೆಳುವಾಗುತ್ತದೆ. ಮೂರನೆಯದು ಹಂತಹಂತದ ತಿನ್ನಿಸುವಿಕೆ. ಮೊದಲ ಸ್ನಾನದ ಬಳಿಕ ದೂರದ ಬೆಟ್ಟ, ಗೋಪುರಗಳ ಗೆರೆಗಳನ್ನು ವಾರ್ನಿಷ್‌ನಿಂದ ಮುಚ್ಚಿ ಉಳಿದದ್ದನ್ನು ಮತ್ತೆ ಆಮ್ಲಕ್ಕೆ ಒಡ್ಡಿದರೆ, ಹಿಂದಿನದು ತಿಳಿಯಾಗಿ ಉಳಿದು ಮುಂದಿನ ಆಕೃತಿಗಳು ಕಡುಗಪ್ಪಾಗಿ ನಿಲ್ಲುತ್ತವೆ.

ಈ ಮೂರೂ ಕೂಡಿದ್ದರಿಂದಲೇ 1620ರ ಇಂಪ್ರುನೇತಾ ಜಾತ್ರೆಯ ತಗಡು ಸಾಧ್ಯವಾಯಿತು. ಒಂದೇ ಹಾಳೆಯಲ್ಲಿ ಸಾವಿರಕ್ಕೂ ಹೆಚ್ಚು ಜನ. ಕೊಳ್ಳುವವರು, ಮಾರುವವರು, ಕುಡಿದು ಬಿದ್ದವರು, ಶಿಕ್ಷೆಗೊಳಗಾಗಿ ಹಗ್ಗದಲ್ಲಿ ತೂಗುತ್ತಿರುವವರು, ನಾಯಿಗಳು, ಕತ್ತೆಗಳು ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ಅರಮನೆಗೆ ಈ ಗುಣ ಬೇಕಾಗಿತ್ತು, ಯುದ್ಧ ನಡೆಸುವವರಿಗೂ ಬೇಕಾಗಿತ್ತು. ಸ್ಪೇನ್ ಪಕ್ಷದ ಇಸಾಬೆಲ್ಲಾ ಕ್ಲಾರಾ ಯುಜೇನಿಯಾ ಬ್ರೇಡಾ ಮುತ್ತಿಗೆಯ ಚಿತ್ರವನ್ನು ಆರು ತಗಡುಗಳಲ್ಲಿ ಮಾಡಿಸಿದರು. ಬಳಿಕ ಫ್ರೆಂಚ್ ಆಸ್ಥಾನವೂ ಲಾ ರೊಶೆಲ್ ಮುತ್ತಿಗೆಯ ಚಿತ್ರಕ್ಕೆ ಕಲೋ ಅವರನ್ನೇ ಕರೆಯಿತು. ಭೂಪಟ, ವರದಿ, ವಿಜಯಘೋಷಣೆ ಮೂರೂ ಒಂದೇ ಹಾಳೆಯಲ್ಲಿ ಬೆರೆತ ಈ ಕೆಲಸಕ್ಕೆ ಎನ್‌ಗ್ರೇವರ್‌ಗೆ ವರ್ಷಗಳು ಬೇಕಾಗುತ್ತಿದ್ದವು.

ಅದೇ ಕೈ 1633ರಲ್ಲಿ ಯುದ್ಧದ ಸಂಕಟಗಳ 18 ಚಿಕ್ಕ ತಗಡುಗಳನ್ನು ಹೊರತಂದಿತು. ಪ್ಯಾರಿಸ್‌ನಲ್ಲಿ ಇಸ್ರಾಯೆಲ್ ಆಂರಿಯೆ ಅವನ್ನು ಪ್ರಕಟಿಸಿದರು. ಸೈನಿಕರ ನೇಮಕಾತಿಯಿಂದ ತೊಡಗಿ, ತೋಟದ ಮನೆಯ ಲೂಟಿ, ಒಂದೇ ಮರದಿಂದ ಇಳಿಬಿದ್ದ ನೇಣುಗಳು, ರೈತರು ತೀರಿಸಿಕೊಂಡ ಸೇಡು, ಕೊನೆಗೆ ರಾಜನ ಕೈಯಿಂದ ಬಹುಮಾನದವರೆಗೆ ಕ್ರಮವಾಗಿ ಸಾಗುವ ಈ ಮಾಲಿಕೆಯಲ್ಲಿ ಯಾವ ಸೈನ್ಯ ಯಾವುದೆಂಬ ಗುರುತೇ ಇಲ್ಲ. ಹಾಳೆಯ ಎತ್ತರ ಎಂಟು ಸೆಂಟಿಮೀಟರ್ ಸುಮಾರು. ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದಾಗ ಮಾತ್ರ ನೇಣಿನ ಮರ ನೇಣಿನ ಮರವೆಂದು ತಿಳಿಯುತ್ತದೆ. ಗಟ್ಟಿ ವಾರ್ನಿಷ್‌ನ ನಿರ್ಲಿಪ್ತ ಸ್ವಚ್ಛತೆ ಈ ವಿಷಯಕ್ಕೆ ಒದಗಿದಷ್ಟು ಬೇರೆ ಯಾವುದಕ್ಕೂ ಒದಗಿಲ್ಲ ಎಂದು ನನಗನ್ನಿಸುತ್ತದೆ.

ಕಲೋ ಕ್ರಮವನ್ನು ಬರಹಕ್ಕಿಳಿಸಿ ಹರಡಿದವರು ಅಬ್ರಹಾಂ ಬೋಸ್. 1645ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದ ಅವರ ಕೈಪಿಡಿ ಈ ಕಲೆಗೆ ಬಂದ ಮೊದಲ ವಿಸ್ತಾರವಾದ ಪಾಠ. 1662ರಲ್ಲಿ ವಿಲಿಯಂ ಫೇಥಾರ್ನ್ ಅದನ್ನು ಇಂಗ್ಲಿಷಿಗೆ ತಂದರು. ವಿನೆಗರ್, ನವಸಾಗರ, ಉಪ್ಪು, ತಾಮ್ರದ ಕಿಲುಬು ಕೂಡಿಸಿ ಕುದಿಸಿದ ದ್ರಾವಣವನ್ನು ಓರೆಯಾಗಿ ನಿಲ್ಲಿಸಿದ ತಗಡಿನ ಮೇಲೆ ಮತ್ತೆ ಮತ್ತೆ ಸುರಿಯುವ ವಿಧಾನವನ್ನು ಬೋಸ್ ಹೆಜ್ಜೆಹೆಜ್ಜೆಯಾಗಿ ವಿವರಿಸುತ್ತಾರೆ. ಆದರೆ ಎಚಿಂಗ್ ಬ್ಯೂರಿನ್ ಕೆಲಸದಂತೆ ಕಾಣಬೇಕು ಎಂಬುದು ಬೋಸ್ ಅವರ ಆದರ್ಶ. ಆ ಕಾಲದ ಮಾರುಕಟ್ಟೆಯಲ್ಲಿ ಅದು ವಿವೇಕದ ಮಾತೇ ಆಗಿತ್ತು. ಇಂದು ಕಲಿಯುವವರು ಉಪಕರಣಗಳ ಬಗೆಗಿನ ಅವರ ಸಲಹೆಯನ್ನು ತೆಗೆದುಕೊಂಡು ಆದರ್ಶವನ್ನು ಬದಿಗಿಡುವುದು ಒಳ್ಳೆಯದು.

ರೆಂಬ್ರಾಂಟ್: ಪ್ರತಿ ಹಾಳೆಯೂ ಬೇರೆ

ಕಲೋ ತಗಡನ್ನು ಮುಗಿಸಿ ಮುದ್ರಕನಿಗೆ ಒಪ್ಪಿಸಬಹುದಾಗಿತ್ತು. ರೆಂಬ್ರಾಂಟ್ ಅವರಲ್ಲಿ ಮುದ್ರಣವೂ ಚಿತ್ರ ಬರೆಯುವುದರ ಮುಂದುವರಿಕೆ. ಸುಮಾರು 300 ಎಚಿಂಗ್‌ಗಳನ್ನು ಮಾಡಿದ ಅವರು ಮೆದು ಲೇಪದಲ್ಲಿ ಅಂಕೆಯಿಲ್ಲದ ಕೈಬರಹದಂತಹ ಗೆರೆಯಿಂದ ಆರಂಭಿಸಿ, 1640ರ ದಶಕದ ಹೊತ್ತಿಗೆ ಡ್ರೈಪಾಯಿಂಟ್ ಅನ್ನು ಧಾರಾಳವಾಗಿ ಬೆರೆಸತೊಡಗಿದರು. ಡ್ರೈಪಾಯಿಂಟ್‌ನಲ್ಲಿ ಲೇಪವಿಲ್ಲ, ಆಮ್ಲವಿಲ್ಲ. ಬರಿಯ ಮೊನೆಯಿಂದ ತಾಮ್ರವನ್ನು ಗೀರುತ್ತಾರೆ. ನೆಲ ಉತ್ತಾಗ ಮಣ್ಣು ಬದಿಗೆ ಏಳುವಂತೆ ಲೋಹ ಗೀರಿನ ಅಂಚಿನಲ್ಲಿ ಏಳುತ್ತದೆ, ಆ ಏರು ಮಸಿಯನ್ನು ಹಿಡಿದು ಗೆರೆಗೆ ಮಖಮಲ್ಲಿನ ನೆರಳು ಕೊಡುತ್ತದೆ. ಉರುಳೆಯ ಒತ್ತಡಕ್ಕೆ ಅದು ಬಹಳ ಕಾಲ ನಿಲ್ಲುವುದಿಲ್ಲ: ಕೆಲವು ಹತ್ತು ಪ್ರತಿಗಳಾಗುವಷ್ಟರಲ್ಲಿ ಮಖಮಲ್ಲು ಹೋಗಿ ಬಡಕಲು ಗೆರೆ ಉಳಿಯುತ್ತದೆ. ಪ್ರಕಾಶಕರು ದೂರವಿಟ್ಟ ಈ ಕೊರತೆಯನ್ನೇ ರೆಂಬ್ರಾಂಟ್ ಬೆಲೆಯಾಗಿ ಬದಲಿಸಿದರು.

1653ರ ಮೂರು ಶಿಲುಬೆಗಳ ಚಿತ್ರ ಇದರ ತುದಿ. ದೊಡ್ಡ ತಗಡನ್ನು ಅವರು ಡ್ರೈಪಾಯಿಂಟ್ ಮತ್ತು ಬ್ಯೂರಿನ್‌ಗಳಿಂದಲೇ ಮಾಡಿದರು, ಕೆಲವು ಪ್ರತಿಗಳನ್ನು ಚರ್ಮದ ಹಾಳೆಯ ಮೇಲೆ ತೆಗೆದರು. ತಗಡನ್ನು ತಿದ್ದಿ ಮತ್ತೆ ಮುದ್ರಿಸಿದ ಒಂದೊಂದು ರೂಪವನ್ನೂ ಹಂತ ಎನ್ನುತ್ತಾರೆ; ಮೂರನೆಯ ಹಂತದಲ್ಲಿ ಸಹಿ ಹಾಕಿ ವರ್ಷ ನಮೂದಿಸಿದ್ದರಿಂದ ಅದು ಮುಗಿದ ಕೆಲಸವೆಂದೇ ಎಣಿಸಬೇಕು. ಆದರೆ ನಾಲ್ಕನೆಯ ಹಂತದಲ್ಲಿ ಅದೇ ತಗಡಿನ ಅರ್ಧಕ್ಕರ್ಧ ಆಕೃತಿಗಳನ್ನು ಅಳಿಸಿ, ಇಟಲಿಯ ಪಿಸನೆಲ್ಲೋ ಪದಕವೊಂದರಿಂದ ತೆಗೆದ ಕುದುರೆ ಸವಾರನನ್ನು ಸೇರಿಸಿ, ಆಕಾಶದಿಂದ ಕತ್ತಲೆಯನ್ನು ಉದ್ದುದ್ದ ಗೀರುಗಳಲ್ಲಿ ಇಳಿಸಿದರು. ಒಂದೇ ತಾಮ್ರದಿಂದ ಬಂದ ಎರಡು ಬೇರೆ ಕೃತಿಗಳು ಇವು. ಕೆಲವು ಸಲ ತಗಡನ್ನು ಪೂರ್ತಿ ಒರೆಸದೆ ಮಸಿಯ ತೆಳು ಪದರವನ್ನು ಬಿಟ್ಟು ರಾತ್ರಿಯನ್ನು ಮೂಡಿಸುವುದು, ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಂದ ಜಪಾನೀ ಕಾಗದದ ಮೇಲೆ ಮುದ್ರಿಸಿ ಬೆಚ್ಚನೆಯ ಬಣ್ಣವನ್ನು ಪಡೆಯುವುದು ಇವೂ ಆ ಬೇರೆತನದ ಭಾಗ. ಇದೇ ಜಪಾನೀ ಕಾಗದದ ಮೇಲೆ ಅವರು ಮೊಗಲ್ ಕಿರುಚಿತ್ರಗಳನ್ನು ನೋಡಿ ಬಿಡಿಸಿದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ.

ಇದನ್ನು ಕೊಳ್ಳುತ್ತಿದ್ದವರು ಸಂತೆಯಲ್ಲಿ ಹಾಳೆ ಕೊಳ್ಳುವವರಲ್ಲ. ಒಂದೇ ಚಿತ್ರದ ಹಲವು ಹಂತಗಳನ್ನು ಸೇರಿಸುವ ಹವ್ಯಾಸವಿದ್ದ ನಗರದ ಶ್ರೀಮಂತರು. 1647ರಲ್ಲಿ ಮಾಡಿದ ಯಾನ್ ಸಿಕ್ಸ್ ಅವರ ಚಿತ್ರದ ತಗಡು ಚಿತ್ರಿತರ ಮನೆತನದಲ್ಲಿಯೇ ಉಳಿಯಿತು, ಏಕೆಂದರೆ ಎಷ್ಟು ಪ್ರತಿ ಹೊರಹೋಗಬೇಕೆಂಬುದು ಅವರ ಹಕ್ಕು. 1655ರ ಒಪ್ಪಂದವೊಂದರಲ್ಲಿ ಆ ಚಿತ್ರದ ಗುಣಮಟ್ಟಕ್ಕೆ ಸಮನಾದ ಎಚಿಂಗ್ ಮುಖಚಿತ್ರಕ್ಕೆ 400 ಗಿಲ್ಡರ್ (ಆಗಿನ ಡಚ್ ನಾಣ್ಯ) ಬೆಲೆ ಕಟ್ಟಲಾಗಿದೆ. ರೋಗಿಗಳನ್ನು ಗುಣಪಡಿಸುವ ಕ್ರಿಸ್ತನ 1648ರ ಸುಮಾರಿನ ಚಿತ್ರಕ್ಕೆ ನೂರು ಗಿಲ್ಡರ್ ಚಿತ್ರವೆಂಬ ಹೆಸರೇ ನಿಂತಿತು. ಅದರ ಒಂದು ಪ್ರತಿಯನ್ನು ರೆಂಬ್ರಾಂಟ್ ಇಟಲಿಯ ಕಲಾವಿದ ಮಾರ್ಕಾಂತೋನಿಯೊ ಅವರ ಎನ್‌ಗ್ರೇವಿಂಗ್ ಒಂದಕ್ಕೆ ಬದಲಾಗಿ ಗೆಳೆಯನಿಗೆ ಕೊಟ್ಟರೆಂಬ ಟಿಪ್ಪಣಿ ಒಂದು ಹಾಳೆಯ ಹಿಂದೆ ಇದೆ. ಆದರೂ 1656ರಲ್ಲಿ ಅವರು ದಿವಾಳಿಯಾಗುವುದನ್ನು ಈ ಬೆಲೆಗಳು ತಡೆಯಲಿಲ್ಲ.

ಕಲಾಶಾಲೆಗಳಲ್ಲಿ ಹೊಸಬರ ಮುಂದೆ ಮೊದಲು ಇಡುವುದು ರೆಂಬ್ರಾಂಟ್ ಹಾಳೆಗಳನ್ನೇ. ನೋಡಲು ಅವಕ್ಕಿಂತ ಮಿಗಿಲಾದವು ಇಲ್ಲ, ನಿಜ. ಆದರೆ ಮಾಡಿ ಕಲಿಯಲು ಅದು ತಪ್ಪು ಆರಂಭ. ಆಮ್ಲದ ಗೆರೆ, ಗೀರಿದ ಗೆರೆ, ಕೆತ್ತಿದ ಗೆರೆ, ಒರೆಸದ ಮಸಿ ಇವೆಲ್ಲ ಒಂದೇ ತಗಡಿನಲ್ಲಿ ಬೆರೆತಾಗ, ಬಂದ ಫಲಕ್ಕೆ ಯಾವುದು ಕಾರಣವೆಂದು ಕಲಿಯುವವರಿಗೆ ಬಿಡಿಸಿ ನೋಡಲಾಗುವುದಿಲ್ಲ. ಬಿಡಿಸಿ ನೋಡುವಷ್ಟರಲ್ಲಿ ಡ್ರೈಪಾಯಿಂಟ್ ಸವೆದಿರುತ್ತದೆ.

ವರ್ಣಚಿತ್ರಕಾರರ ಸರಳ ಎಚಿಂಗ್

ಹೊಸಬರಿಗೆ ನಾನು ಸೂಚಿಸುವುದು ರಿಬೆರಾ ಮತ್ತು ನಿಸರ್ಗದೃಶ್ಯಗಳ ಚಿತ್ರಕಾರ ಕ್ಲೋಡ್ ಲೊರೇನ್ ಹಿಡಿದ ನಡುದಾರಿಯನ್ನು. ರಿಬೆರಾ ಮಾಡಿದ ತಗಡುಗಳು ಇಪ್ಪತ್ತನ್ನೂ ಮುಟ್ಟವು. ಬಹುಪಾಲು 1620ರ ದಶಕದವು. ಗ್ರೀಕ್ ಪುರಾಣದ ಕುಡುಕ ಸೈಲೀನಸ್‌ನ 1628ರ ಚಿತ್ರದಲ್ಲಿ ಹೊಟ್ಟೆಯ ಉಬ್ಬನ್ನು ಚುಕ್ಕೆ ಮತ್ತು ಚಿಕ್ಕ ಗೀಟುಗಳಿಂದ, ನೆರಳನ್ನು ಅಡ್ಡಗೆರೆಗಳಿಂದ, ಹೊರಗೆರೆಯನ್ನು ಎಳೆದೂ ಎಳೆಯದಂತೆ ಮೂಡಿಸಿದ ಬಗೆಯನ್ನು ಸೂಜಿ ಹಿಡಿದವರು ಗೆರೆಗೆರೆಯಾಗಿ ಅನುಸರಿಸಬಹುದು. ಕ್ಲೋಡ್ ಅವರ 1636ರ ದನಗಾಹಿಯ ಚಿತ್ರದಲ್ಲಿ ಮರದ ಎಲೆಗಳ ನಡುವೆ ಬಿಟ್ಟ ಬಿಳುಪೇ ಸಂಜೆಯ ಬೆಳಕಾಗಿದೆ. ಲೇಪ ಒಂದು, ಆಮ್ಲದ ಹಂತಗಳು ಎರಡೋ ಮೂರೋ, ಉಳಿದದ್ದೆಲ್ಲ ಕೈ ಮತ್ತು ಕಣ್ಣು.

ಈ ಸರಳ ಎಚಿಂಗ್ ವರ್ಣಚಿತ್ರಕಾರರಿಗೆ ತಮ್ಮ ಹೆಸರನ್ನು ಹೊರಗೆ ಕಳಿಸುವ ಸಾಧನವೂ ಆಗಿತ್ತು. ಸಾಲ್ವಟೋರ್ ರೋಸಾ 1656–57ರ ಸುಮಾರಿಗೆ ಸೈನಿಕರ, ಅಲೆಮಾರಿಗಳ, ಹೆಂಗಸರ ಅರವತ್ತರಷ್ಟು ಚಿಕ್ಕ ಆಕೃತಿಗಳನ್ನು ಎಚಿಂಗ್ ಮಾಡಿದರು. ದೊಡ್ಡ ತಗಡುಗಳಲ್ಲಿ ಕಲ್ಪನೆಯೂ ಕೈಯೂ ತನ್ನದೇ ಎಂದು ಬರೆದುಕೊಂಡರು. ಆಶ್ರಯದಾತನ ಗೋಡೆಯ ಮೇಲಿನ ಒಂದು ಚಿತ್ರ ಒಂದೇ ಊರಿನಲ್ಲಿ ಇರುತ್ತದೆ, ಅದರ ಹಾಳೆ ಇಂಗ್ಲೆಂಡಿಗೂ ಹೋಗುತ್ತದೆ ಎಂಬುದನ್ನು ಅವರಂತೆ ಬಳಸಿಕೊಂಡವರು ಕಡಿಮೆ. ಬೊಲೋನ್ಯದ ಎಲಿಸಬೆತ್ತಾ ಸಿರಾನಿ, 27ನೇ ವಯಸ್ಸಿಗೇ ತೀರಿಕೊಂಡರೂ, ಚಿತ್ರಕಲೆಯ ಜೊತೆ ಎಚಿಂಗ್ ತಗಡುಗಳನ್ನೂ ಬಿಟ್ಟುಹೋದರು.

ದಾಖಲೆ, ಸುದ್ದಿ, ಊರಿನ ನೋಟ

ಕಲಾಚರಿತ್ರೆಯಲ್ಲಿ ಎರಡನೇ ಸಾಲಿಗೆ ತಳ್ಳಲ್ಪಟ್ಟ ಈ ವರ್ಗವನ್ನು ಆರಿಸುವವರು ಕಡಿಮೆ, ಅದು ಅನ್ಯಾಯ. ಹೋಲಾರ್ ಸುಮಾರು 2,700 ತಗಡುಗಳನ್ನು ಮಾಡಿದರು. ಅರಂಡೆಲ್ ಪ್ರಭು 1636ರಲ್ಲಿ ಕೊಲೋನ್‌ನಲ್ಲಿ ಅವರನ್ನು ಕಂಡು ಇಂಗ್ಲೆಂಡಿಗೆ ಕರೆತಂದರು. ಮರಳುಗಡಿಯಾರ ಇಟ್ಟುಕೊಂಡು ಗಂಟೆಗೆ ನಾಲ್ಕು ಪೆನ್ನಿಯಂತೆ ದುಡಿಯುತ್ತಿದ್ದರೆಂಬ ಪ್ರತೀತಿ ಇದೆ. 1677ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಅವರ 1647ರ ಲಂಡನ್ನಿನ ಉದ್ದನೆಯ ನೋಟವಿಲ್ಲದೆ 1666ರ ಬೆಂಕಿಗೆ ಮುಂಚಿನ ಆ ಊರನ್ನು ನೆನೆಯುವುದು ಕಷ್ಟ. ಅದನ್ನು ಅವರು ಮಾಡಿದ್ದು ಆಂಟ್‌ವರ್ಪ್‌ನಲ್ಲಿದ್ದಾಗ, ಹಿಂದೆ ಬಿಡಿಸಿಟ್ಟ ರೇಖಾಚಿತ್ರಗಳಿಂದ. ಹಾಗಾಗಿ ಗ್ಲೋಬ್ ನಾಟಕಶಾಲೆಯ ಹೆಸರೂ ಪಕ್ಕದ ಕರಡಿ ಕಾಳಗದ ಅಂಗಳದ ಹೆಸರೂ ಅದಲುಬದಲಾಗಿ ಬಿದ್ದಿವೆ. ರೋಮ್‌ನಲ್ಲಿ ಜೊವಾನ್ನಿ ಬಟ್ಟಿಸ್ಟಾ ಫಾಲ್ಡಾ, ಏಳನೆಯ ಅಲೆಕ್ಸಾಂಡರ್ ಪೋಪ್ ಕಟ್ಟಿಸಿದ ಚೌಕಗಳನ್ನೂ ಚರ್ಚುಗಳನ್ನೂ 1665ರಿಂದ ಹಾಳೆಗಿಳಿಸಿದರು. ದೆ ರೊಸ್ಸಿ ಮನೆತನದ ಅಂಗಡಿ ಅವನ್ನು ಯಾತ್ರಿಕರಿಗೂ ಪ್ರವಾಸಿಗಳಿಗೂ ಮಾರಿತು.

ಸುದ್ದಿಗೆ ಡಚ್ ಕಲಾವಿದ ರೋಮೇನ್ ದೆ ಹೋಗೆ. 1672ರಲ್ಲಿ ಹದಿನಾಲ್ಕನೆಯ ಲೂಯಿಯ ಸೈನ್ಯ ಡಚ್ ಗಣರಾಜ್ಯಕ್ಕೆ ನುಗ್ಗಿ ಬೋಡೆಗ್ರಾವೆನ್, ಜ್ವಾಮರ್‌ಡಾಮ್ ಊರುಗಳಲ್ಲಿ ನಡೆಸಿದ ಕ್ರೌರ್ಯವನ್ನು ಅವರು ಬೇಗನೇ ತಾಮ್ರಕ್ಕೆ ತಂದರು. ಕಲೋ ಅವರ ಯುದ್ಧದ ಜೊತೆ ಇದನ್ನು ಇಟ್ಟು ನೋಡಬೇಕು: ಇಲ್ಲಿ ಯಾರು ವೈರಿ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ, ಆಕೃತಿಗಳು ತುರುಕಿಕೊಂಡಿವೆ, ಗೆರೆ ಒರಟು, ಕೋಪ ನೇರ. ವಾರಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ ಬ್ಯೂರಿನ್ ಆಗಿಬರುತ್ತಿರಲಿಲ್ಲ. ಎಚಿಂಗ್‌ನ ಆತುರವೇ ಅಲ್ಲಿ ಅದರ ಯೋಗ್ಯತೆ. ಇಂದು ಊರನ್ನು, ಬೀದಿಯನ್ನು, ಚಳವಳಿಯನ್ನು ತಗಡಿಗೆ ತರಬೇಕೆನ್ನುವವರು ರೆಂಬ್ರಾಂಟ್‌ಗಿಂತ ಹೋಲಾರ್ ಮತ್ತು ದೆ ಹೋಗೆ ಇಬ್ಬರಿಂದ ಹೆಚ್ಚು ಕಲಿಯುತ್ತಾರೆ.

ಉಳಿದ ಕವಲುಗಳನ್ನು ಬೇಗ ಮುಗಿಸಬಹುದು. ಹರ್ಕ್ಯುಲಿಸ್ ಸೇಗರ್ಸ್ ಬಣ್ಣದ ಮಸಿ, ಬಣ್ಣ ಬಳಿದ ಕಾಗದ, ಬಟ್ಟೆಗಳ ಮೇಲೆ ಎಚಿಂಗ್ ಮುದ್ರಿಸಿದ ವಿಲಕ್ಷಣ ಪ್ರಯೋಗಶೀಲ. ಅವರ ತಗಡೊಂದನ್ನು ರೆಂಬ್ರಾಂಟ್ ಕೊಂಡು ಮಾರ್ಪಡಿಸಿದರು. ಜಿನೋವಾದ ಕಾಸ್ತಿಲ್ಯೋನೆ ತಗಡಿನ ಮೇಲೆ ಮಸಿಯಿಂದಲೇ ಬರೆದು ಒಂದೇ ಪ್ರತಿ ತೆಗೆಯುವ ಮೋನೋಟೈಪ್‌ಗೆ ದಾರಿ ತೋರಿದರು. ಲುಡ್‌ವಿಗ್ ಫಾನ್ ಝೀಗನ್ 1642ರಲ್ಲಿ ಮೊದಲು ತೋರಿಸಿದ ಮೆಝೋಟಿಂಟ್, ತಗಡನ್ನೆಲ್ಲ ಒರಟಾಗಿಸಿ ಬೆಳಕಿನ ಭಾಗವನ್ನು ನುಣುಪುಗೊಳಿಸುವ ಕ್ರಮ. ಅದು ಮುಂದೆ ಇಂಗ್ಲೆಂಡಿನ ಮುಖಚಿತ್ರಗಳ ಸೊತ್ತಾಯಿತು. ಇವುಗಳಲ್ಲಿ ಯಾವುದನ್ನೂ ಮೊದಲ ಆಯ್ಕೆಯಾಗಿ ಸೂಚಿಸಲಾರೆ.

ಇಂದಿನ ಕಾರ್ಯಾಗಾರದಲ್ಲಿ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂತಹ ಕಡೆ ಮುದ್ರಣಕಲೆ ಕಲಿಯುವವರ ಕೈಗೆ ತಾಮ್ರಕ್ಕಿಂತ ಸತುವಿನ ತಗಡು ಅಗ್ಗವಾಗಿ ಸಿಗಬಹುದು. ಸತು ಮೆದು, ನೈಟ್ರಿಕ್ ಆಮ್ಲದಲ್ಲಿ ಗುಳ್ಳೆಯೆದ್ದು ಬೇಗ ತಿನ್ನುತ್ತದೆ, ಗೆರೆ ಅಗಲವಾಗಿ ಒರಟಾಗುತ್ತದೆ. ದೆ ಹೋಗೆ ಬಗೆಯ ಕೆಲಸಕ್ಕೆ ಅದು ಸಾಕು. ಕಲೋ ಅಥವಾ ಹೋಲಾರ್ ನಯ ಬೇಕಾದವರು ತಾಮ್ರ ಮತ್ತು ಫೆರಿಕ್ ಕ್ಲೋರೈಡ್‌ಗೆ ಹಣ ಕೂಡಿಸುವುದೇ ಸರಿ. ಅದು ನಿಧಾನವಾಗಿ, ನೇರವಾಗಿ ಕೆಳಗಿಳಿಯುತ್ತದೆ, ನೈಟ್ರಿಕ್‌ನಂತೆ ಉಸಿರು ಕಟ್ಟಿಸುವ ಹೊಗೆ ಬಿಡುವುದಿಲ್ಲ. ಗೀರಿನಲ್ಲಿ ಗಸಿ ತುಂಬದಂತೆ ತಗಡನ್ನು ಬೋರಲಾಗಿ ಮುಳುಗಿಸುವುದನ್ನು ಮರೆಯಬಾರದು. ಬೇಕಾದ ಪ್ರತಿಗಳು ಹತ್ತನ್ನು ದಾಟುವುದಿಲ್ಲವೆಂದಾದರೆ, ಡ್ರೈಪಾಯಿಂಟ್ ಒಂದನ್ನೇ ಅಭ್ಯಾಸ ಮಾಡಬಹುದು. ಅದಕ್ಕೆ ಆಮ್ಲದ ಏರ್ಪಾಡೇ ಬೇಡ.

ಮಾಡುವ ಬದಲು ಕೊಳ್ಳಬೇಕೆಂದಿರುವವರ ಆಯ್ಕೆ ಬೇರೆ ಬಗೆಯದು: ಕಲಾವಿದನ ಜೀವಿತಕಾಲದ ಪ್ರತಿಯೋ, ಆಮೇಲಿನದೋ, ಛಾಯಾನಕಲೋ. ರೆಂಬ್ರಾಂಟ್ ಅವರ 80ರಷ್ಟು ತಗಡುಗಳು ಇಂದಿಗೂ ಉಳಿದಿವೆ, ಮತ್ತು ಉಳಿದ ಕಾರಣಕ್ಕೇ ಅವುಗಳಿಂದ ಮತ್ತೆ ಮತ್ತೆ ಹಾಳೆ ತೆಗೆಯಲಾಯಿತು. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್‌ನ ಬಸಾನ್ ಅವನ್ನು ತಿದ್ದಿ ಸಂಪುಟವಾಗಿ ಹೊರತಂದರು. ಅವು ಸುಳ್ಳು ಹಾಳೆಗಳಲ್ಲ, ಮೂಲ ತಾಮ್ರದಿಂದಲೇ ಬಂದವು. ಆದರೆ ಅಡ್ಡಗೆರೆಗಳ ನಡುವಿನ ಬಿಳುಪು ಮುಚ್ಚಿಹೋಗಿ, ನೆರಳು ಒಂದೇ ಸಮ ಬೂದಿಯಾಗಿರುತ್ತದೆ. ಬೆಲೆ ಕೇಳುವ ಮೊದಲು ರೈಕ್ಸ್ ಮ್ಯೂಸಿಯಂ ಅಥವಾ ಬ್ರಿಟಿಷ್ ಮ್ಯೂಸಿಯಂ ಜಾಲತಾಣದಲ್ಲಿರುವ ಒಳ್ಳೆಯ ಪ್ರತಿಯ ಜೊತೆ ಕಡುನೆರಳಿನ ಒಂದು ಮೂಲೆಯನ್ನು ಹಿಗ್ಗಿಸಿ ಹೋಲಿಸಬೇಕು. ನೂರು ಗಿಲ್ಡರ್ ಚಿತ್ರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅದರ ತಗಡನ್ನು 18ನೇ ಶತಮಾನದಲ್ಲಿ ಕ್ಯಾಪ್ಟನ್ ವಿಲಿಯಂ ಬೇಲಿ ಕೊಂಡು, ಸವೆದ ಗೆರೆಗಳನ್ನು ತಾವೇ ಮತ್ತೆ ಕೆತ್ತಿ, ನೂರರಷ್ಟು ಪ್ರತಿ ತೆಗೆದು, ಕೊನೆಗೆ ತಗಡನ್ನು ನಾಲ್ಕು ತುಂಡು ಮಾಡಿ ಆ ತುಂಡುಗಳನ್ನೂ ಬೇರೆ ಬೇರೆಯಾಗಿ ಮುದ್ರಿಸಿದರು. ಮೂಲ ತಗಡಿನ ಅಳತೆ ಸುಮಾರು 28 ಸೆಂಟಿಮೀಟರ್ ಎತ್ತರ, 39 ಸೆಂಟಿಮೀಟರ್ ಅಗಲ. ಕಾಗದದ ಮೇಲೆ ತಗಡಿನ ಅಂಚು ಒತ್ತಿದ ಗುರುತು ಅದಕ್ಕಿಂತ ಬಹಳ ಚಿಕ್ಕದಾಗಿದ್ದರೆ, ಮಾರುವವರು ಏನೇ ಹೇಳಿದರೂ ಅದು ಬೇಲಿ ಕತ್ತರಿಸಿದ ತುಂಡಿನಿಂದ ಬಂದದ್ದೋ ನಕಲೋ ಆಗಿರುತ್ತದೆ.